ಹೆಗಲ ಮೇಲಿನ ಕೈ

ಸೋಪು ಹಚ್ಚಿದರೂ ಉಂಗುರ ಗೆಣ್ಣು ದಾಟಲಿಲ್ಲ. ನಲ್ಲಿಯ ಕೆಳಗೆ ಬೆರಳು ಹಿಡಿದು ತಿರುಗಿಸಿದಳು, ಎಳೆದಳು, ಮತ್ತೆ ತಿರುಗಿಸಿದಳು. ಚರ್ಮ ಕೆಂಪಾಯಿತೇ ಹೊರತು ಉಂಗುರ ಜಗ್ಗಲಿಲ್ಲ. ಈಚೆಗೆ ಸಂಜೆಯಾದರೆ ಗೆಣ್ಣುಗಳು ಬಾತುಕೊಳ್ಳುತ್ತಿದ್ದವು. ಕ್ಯಾಮೆರಾದ ಮುಂದೆ ಕೈಯಲ್ಲಿ ಏನೂ ಹೊಳೆಯಬಾರದು. ಹೊಳೆದರೆ ನೋಡುವವರ ಕಣ್ಣು ಅಲ್ಲೇ ಸಿಕ್ಕಿಕೊಂಡು ಮಾತು ತಪ್ಪಿಹೋಗುತ್ತದೆ.

"ಎಣ್ಣೆ ಹಚ್ಚಿ ಮೂಲೆ ಅಕ್ಕಾ," ಎಂದು ಮೇಕಪ್ಪಿನವಳು ಪಕ್ಕದ ಕನ್ನಡಿಯಿಂದಲೇ ಸಲಹೆ ಕೊಟ್ಟಳು. "ಕಟ್ಟಿಕೊಂಡ ಗಂಡನ ಥರಾನೇ ಅದೂ. ಜಗಳ ಆಡಿದ್ರೆ ಬಿಡಲ್ಲ, ಜಾರಿಸ್ಬೇಕು."

ಟೀವಿಯವರೆಲ್ಲ ಅವಳನ್ನು ಕರೆಯುವುದು ಹಾಗೆಯೇ, ಮೂಲೆ ಅಕ್ಕ. ಪರದೆಯ ಕೆಳಮೂಲೆಯಲ್ಲಿ ತಟ್ಟೆಯಗಲದ ಜಾಗದಲ್ಲಿ ನಿಂತು, ಸುದ್ದಿಯನ್ನೂ ಭಾಷಣವನ್ನೂ ಕಿವಿ ಕೇಳದವರಿಗೆ ಕೈಸನ್ನೆಯಲ್ಲಿ ತಿಳಿಸುವುದು ಅವಳ ಕೆಲಸ. ಕಿವಿ ಕೇಳುವವರಿಗೆ ಅವಳು ಕಾಣುವುದೇ ಇಲ್ಲ. ಕೇಳದವರಿಗೆ ಅವಳನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.

"ಇವತ್ತು ನಾಯಕರು ಬಿಸಿ ಮುಟ್ಟಿಸ್ತಾರಂತೆ," ಮೇಕಪ್ಪಿನವಳು ಅವಳ ಹಣೆಗೆ ಪುಡಿ ಒತ್ತುತ್ತ ಹೇಳಿದಳು. "ಮುಟ್ಟಿಸ್ಲಿ ಬಿಡಿ. ನನ್ನ ಮೈದುನ ಇದಾನೆ ನೋಡಿ, ಕೂತು ಉಂಡು ಮೈ ಬೆಳೆಸಿದಾನೆ. ಅಂಥವರಿಗೆಲ್ಲ ಸರ್ಕಾರ ಯಾಕೆ ಕೊಡ್ಬೇಕು? ಸಾಹುಕಾರರನ್ನ ಕಂಡ್ರೆ ಜನಕ್ಕೆ ಹೊಟ್ಟೆಕಿಚ್ಚು ಅಷ್ಟೇ. ಅವರು ದುಡಿದ್ರು, ಬಂತು. ನಾನು ಯಾವತ್ತಾದ್ರೂ ಸರ್ಕಾರದ ಮುಂದೆ ಕೈ ಚಾಚಿದೀನಾ?"

"ನಿನ್ನ ಮಗಳ ಕಾಲೇಜಿನ ಫೀಸು ಮನ್ನಾ ಆಯ್ತಲ್ಲ?"

"ಅದು ಬೇರೆ ಅಕ್ಕಾ! ಅದು ನಮ್ಮ ಹಕ್ಕು."

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಇವತ್ತು ತುಟಿ ಅಲುಗಿತು, ಅಷ್ಟೇ. ಬೆಳಗಿನಿಂದ ತಮ್ಮನ ಎರಡು ಕೈಗಳು ಕಣ್ಣ ಮುಂದೆಯೇ ನಿಂತಿದ್ದವು. ನಿಂತಿದ್ದವು ಎಂದರೆ ನಿಜವಾಗಿಯೂ ನಿಂತಿದ್ದವು, ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತ.

ತಮ್ಮ ಬ್ರಷ್ಷಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಸರ್ಕಾರದ ನೆರವಿನಿಂದ ನಡೆಯುವ ಉದ್ದನೆಯ ಒಂದು ಶೆಡ್ಡು ಅದು. ಒಳಗೆ ಕೆಲಸ ಮಾಡುವವರಲ್ಲಿ ಯಾರಿಗೂ ಕಿವಿ ಕೇಳುವುದಿಲ್ಲ. ಮರದ ತುಂಡಿಗೆ ತೂತು ಕೊರೆಯುವುದು, ಕೂದಲಿನ ಗೊಂಚಲು ಸಿಕ್ಕಿಸುವುದು, ತಂತಿ ಎಳೆದು ಬಿಗಿಯುವುದು, ಕತ್ತರಿಸಿ ಮಟ್ಟ ಮಾಡುವುದು. ಯಂತ್ರ ಎಷ್ಟು ಅಬ್ಬರಿಸಿದರೂ ಅವರ ಹರಟೆ ನಿಲ್ಲುವುದಿಲ್ಲ. ಒಂದು ಕೈ ಬಿಡುವಾದರೆ ಸಾಕು, ಒಂದು ಜೋಕು ಹಾರುತ್ತದೆ. ಈಗ ನೆರವು ನಿಂತಿದೆ. ಶೆಡ್ಡಿಗೆ ಬೀಗ ಬೀಳುತ್ತದೆ ಎಂಬ ಸುದ್ದಿ ತಿಂಗಳಿಂದ ಓಡಾಡುತ್ತಿತ್ತು. ಊರಾಚೆಯ ಸೋಪಿನ ಫ್ಯಾಕ್ಟರಿಯವನೊಬ್ಬ, ಒಳ್ಳೆಯ ಮನಸ್ಸೋ ಅಗ್ಗದ ಕೂಲಿಯ ಆಸೆಯೋ, ಎಲ್ಲರನ್ನೂ ಪ್ಯಾಕಿಂಗ್ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ ಎಂದಿದ್ದ. ಇವತ್ತು ರಾತ್ರಿ ಪಾಳಿ ಶುರುವಾಗುವ ಮೊದಲು ಗೇಟಿನ ಹತ್ತಿರ ಬಂದು ನಿಂತವರಿಗೆ ಕೆಲಸ. ಬಾರದಿದ್ದರೆ ಬೇರೆಯವರು ಸಾಲುಗಟ್ಟಿದ್ದಾರೆ.

ಯಾರೂ ಹೊರಟಿರಲಿಲ್ಲ. ತಮ್ಮ ತಡೆದಿದ್ದ.

ಬೆಳಿಗ್ಗೆ ಅವಳು ಶೆಡ್ಡಿಗೇ ಓಡಿದ್ದಳು. ಅಂಟಿನ ವಾಸನೆಯ ನಡುವೆ ನಿಂತು ಕೈಯಾಡಿಸಿದಳು: "ಹೋಗೋ. ಎಲ್ಲರನ್ನೂ ಕರ್ಕೊಂಡು ಈಗ್ಲೇ ಹೋಗು."

"ಯಾಕೆ ಹೋಗ್ಬೇಕು?" ತಮ್ಮ ನಗುತ್ತಲೇ ಇದ್ದ. "ಹೆಗಲು ನಮ್ಮನ್ನ ಬಿಡಲ್ಲ."

ಹೆಗಲು ಎಂದರೆ ನಾಯಕರು. ಸನ್ನೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಗುರುತು ಬೇಕು. ಮೀಸೆ, ಕನ್ನಡಕ, ಗಲ್ಲದ ಮಚ್ಚೆ, ಹೀಗೆ ಏನೋ ಒಂದು. ನಾಯಕರಿಗೆ ತಮ್ಮನೇ ಇಟ್ಟ ಗುರುತು, ಪಕ್ಕದವನ ಹೆಗಲ ಮೇಲೆ ಕೈ ಇಡುವುದು. ಶೆಡ್ಡಿನಿಂದ ಅದು ಊರಿಗೆಲ್ಲ ಹಬ್ಬಿತ್ತು.

"ಅವರು ದೊಡ್ಡವರು ಕಣೋ. ಇವತ್ತೊಂದು ಹೇಳ್ತಾರೆ, ನಾಳೆ ಇನ್ನೊಂದು."

"ಹೋದ ತಿಂಗಳು ತಾನೇ ಹೇಳಿದ್ರಲ್ಲ, ನಿಮ್ಮ ಭಾರಕ್ಕೆ ನಾನೂ ಹೆಗಲು ಕೊಡ್ತೀನಿ ಅಂತ. ನನ್ನ ಕಣ್ಣಾರೆ ನೋಡಿದೀನಿ."

"ಹಾಗೆ ಹೇಳ್ಲಿಲ್ಲ ಅವರು." ಕೈಗಳು ತಾವಾಗಿಯೇ ಆಡಿಬಿಟ್ಟವು.

ತಮ್ಮ ಹುಬ್ಬು ಗಂಟಿಕ್ಕಿದ. "ಮತ್ತೆ ಯಾರು ಹೇಳಿದ್ದು?"

ಪಕ್ಕದಲ್ಲಿ ತಂತಿ ಎಳೆಯುತ್ತಿದ್ದ ಮುದುಕ ಬಾಯಿ ಹಾಕಿದ, ಎಂದರೆ ಕೈ ಹಾಕಿದ: "ಬಿಡು ಮಾರಾಯ, ನಿನ್ನಕ್ಕ ಬರೀ ಕಿಟಕಿ. ಕಿಟಕಿಗೇನು ಗೊತ್ತು ಆಚೆ ನಿಂತವನ ಮನಸ್ಸು?" ಎಲ್ಲರೂ ನಕ್ಕರು. ತಮ್ಮನೂ ನಕ್ಕು ಅವಳ ಬೆನ್ನು ತಟ್ಟಿದ. "ಸಂಜೆ ಭಾಷಣ ಇದೆಯಲ್ಲ. ಅವರೇ ಆಗಲ್ಲ ಅಂದ್ರೆ ಆಗ ಹೋಗ್ತೀವಿ. ನೀನು ಹೆದರ್ಬೇಡ."

ಮತ್ತೆ ಯಾರು ಹೇಳಿದ್ದು?

ಇದು ಟೀವಿಯಲ್ಲಿ ಶುರುವಾದ ಚಾಳಿ ಅಲ್ಲ. ತಮ್ಮ ಹುಟ್ಟಿದಾಗಿನಿಂದ ಅವನ ಕಿವಿ ಅವಳೇ. ಮನೆಯಲ್ಲಿ ಮಿಕ್ಕವರು ಸನ್ನೆ ಕಲಿಯುವ ಗೋಜಿಗೆ ಹೋಗಲಿಲ್ಲ. ಅಪ್ಪನ ಬಾಯಿ ಬಾಯಲ್ಲ, ಬೆಂಕಿ. "ಈ ಶನಿ ಯಾವ ಕೆಲಸಕ್ಕೂ ಬಾರದ್ದು, ಅನ್ನಕ್ಕೆ ದಂಡ" ಎಂದು ಊಟದ ಮುಂದೆಯೇ ಗುಡುಗುತ್ತಿದ್ದ. ಪುಟ್ಟ ತಮ್ಮ ಅಪ್ಪನ ಅಲುಗುವ ತುಟಿ ನೋಡಿ, ಆಮೇಲೆ ಅಕ್ಕನ ಕಡೆ ತಿರುಗುತ್ತಿದ್ದ: ಏನಂದ? ಅವಳು ಹೇಳುತ್ತಿದ್ದಳು: ಸರಿಯಾಗಿ ಊಟ ಮಾಡು, ಸಣ್ಣಗಾಗಿದೀಯ ಅಂತಿದಾರೆ. ಅಪ್ಪ ಸತ್ತಾಗ ಮಕ್ಕಳಲ್ಲಿ ನಿಜವಾಗಿ ಅತ್ತವನು ಅವನೊಬ್ಬನೇ. ಮಿಕ್ಕವರು ಕಣ್ಣೊರೆಸಿಕೊಂಡರು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು, ಹೇಗಿದೆಯೆಂದು ತನಗೇ ತಿಳಿಯದ ದನಿಯಲ್ಲಿ ಊಳಿಟ್ಟಿದ್ದ.

ನಾಯಕರದೂ ಹಾಗೆಯೇ ಆಯಿತು. ಗೆದ್ದ ಹೊಸತರಲ್ಲಿ ಅವರು, "ಅವರವರ ಭಾರ ಅವರವರ ಹೆಗಲ ಮೇಲೆ" ಎಂದಿದ್ದರು. ತಮ್ಮನ ಕೂಸು ತೀರಿಹೋದ ವಾರ ಅದು. ಅವನು ಆಸ್ಪತ್ರೆಯ ಸಾಲ ಹೊತ್ತು ಟೀವಿ ಮುಂದೆ ಕೂತಿರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಹೆಗಲು ತೋರಿಸಲು ಎದ್ದ ಕೈ ಅಲ್ಲೇ ತಡೆಯಿತು. ತಡೆದು, ಮೆತ್ತಗೆ ಪಕ್ಕಕ್ಕೆ ಚಾಚಿ, ಇನ್ನೊಬ್ಬರ ಹೆಗಲ ಮೇಲೆ ಇಟ್ಟ ಹಾಗೆ ಇಳಿಯಿತು. ಒಂದೇ ಒಂದು ಸಲ, ಅಂದುಕೊಂಡಳು. ಆಮೇಲೆ ಚೂಪಾದ ಮಾತು ಬಂದಾಗಲೆಲ್ಲ ಕೈ ತಾನೇ ಮೂಲೆ ಮೂಲೆ ಉಜ್ಜಿ ಗುಂಡಗೆ ಮಾಡಿ ಕೊಡತೊಡಗಿತು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಎಂದು ಸಮಾಧಾನ ಮಾಡಿಕೊಂಡಿದ್ದಳು. ಕಲ್ಲೇ ಇಲ್ಲದ ಅನ್ನ ಉಂಡವರು ಅದೇ ನಾಯಕರಿಗೆ ಮತ್ತೊಮ್ಮೆ ಮತ ಹಾಕಿದರು. ತಮ್ಮ ಮನೆಮನೆಗೆ ಹೋಗಿ ಹಾಕಿಸಿದ. ಹೋದ ತಿಂಗಳು ಅದೇ ಹೆಗಲಿನ ಮಾತು ಮತ್ತೆ ಬಂದಾಗಲೂ ಅವಳ ಕೈ ಪಕ್ಕದವರ ಹೆಗಲ ಮೇಲೇ ಇಳಿದಿತ್ತು.

ಎಣ್ಣೆಗೆ ಉಂಗುರ ಕೊನೆಗೂ ಜಾರಿತು. ಅದನ್ನು ಚೀಲಕ್ಕೆ ಹಾಕುವಾಗ ಫೋನು ನಡುಗಿತು. ತಮ್ಮನ ಹೆಂಡತಿ. ಅವಳಿಗೆ ಕಿವಿ ಕೇಳುತ್ತದೆ.

"ಅಕ್ಕಾ, ಎಲ್ಲರೂ ಶೆಡ್ಡಲ್ಲಿ ಟೀವಿ ಮುಂದೆ ಕೂತಿದಾರೆ. ಸೋಪಿನ ಫ್ಯಾಕ್ಟರಿ ಗೇಟಲ್ಲಿ ಆಗ್ಲೇ ಜನ ಸೇರಿದಾರಂತೆ. ನನ್ನ ಮಾತು ಕೇಳಲ್ಲ ಇವರು. ನಾನು ಬರೀ ಬಾಯಿಬಡುಕಿ ಅಂತೆ. ನೀವು ಹೇಳಿದ್ರೆ ಕೇಳ್ತಾರೆ ಅಕ್ಕಾ, ನಿಮ್ಮ ಕೈ ಅಂದ್ರೆ ವೇದವಾಕ್ಯ ಅವರಿಗೆ. ಇನ್ನೊಂದು ಸಲ ಹೇಳಿ."

"ಹೇಳ್ತೀನಿ ಕಣಮ್ಮ," ಎಂದಳು. "ಟೀವಿ ಆರಿಸೋಕೆ ಬಿಡ್ಬೇಡ."

ಸ್ಟುಡಿಯೋದಲ್ಲಿ ನೀಲಿ ಪರದೆಯ ಮುಂದೆ, ನೆಲಕ್ಕೆ ಅಂಟಿಸಿದ ಪಟ್ಟಿಯ ಮೇಲೆ ನಿಂತಳು. ನಿರ್ಮಾಪಕ ಗಾಜಿನ ಆಚೆಯಿಂದ ದಿನವೂ ಹೇಳುವುದನ್ನೇ ಹೇಳಿದ: "ಏನೂ ಸೇರಿಸ್ಬೇಡಿ, ಏನೂ ಬಿಡ್ಬೇಡಿ ಮೇಡಂ." ಅವನಿಗೆ ಸನ್ನೆಯ ಒಂದಕ್ಷರ ಬಾರದು. ಅವಳು ಅಲ್ಲಿ ನಿಂತು ಸಾರು ಮಾಡುವ ವಿಧಾನ ತೋರಿಸಿದರೂ ತಲೆಯಾಡಿಸಿ ಕೂರುತ್ತಾನೆ. ಇಷ್ಟು ವರ್ಷ ಅವಳನ್ನು ಕಾಪಾಡಿದ್ದು ಅದೇ.

ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನಿನಲ್ಲಿ ಚಪ್ಪಾಳೆ ಮೊಳಗಿತು. ನಾಯಕರ ದನಿ ಚೆನ್ನಾಗಿತ್ತು. ಯಾವತ್ತೂ ಚೆನ್ನಾಗಿಯೇ ಇರುತ್ತಿತ್ತು. ಅಪ್ಪನ ಹಾಗೆ ಗುಡುಗುವವರಲ್ಲ. ಮನೆ ಹಿರಿಯರ ಹಾಗೆ, ಕಿವಿಮಾತಿನ ಹಾಗೆ.

"ಸಂಪತ್ತು ಆಕಾಶದಿಂದ ಉದುರೋದಿಲ್ಲ. ಕಷ್ಟಪಟ್ಟವನ ಮನೆಗೆ ಅದು ಕೇಳ್ಕೊಂಡು ಬರುತ್ತೆ."

ಅಷ್ಟಕ್ಕೆ ಕೈ ತಡವರಿಸಲಿಲ್ಲ. ತೂತು ಕೊರೆದು ಕೊರೆದು ಬೆರಳ ತುದಿಗಳು ಮರಗಟ್ಟಿದವರು ಟೀವಿ ಮುಂದೆ ಕೂತಿದ್ದರು. ಅವರ ಮನೆ ವಿಳಾಸ ಕೇಳಿಕೊಂಡು ಯಾವ ಸಂಪತ್ತೂ ಬಂದಿರಲಿಲ್ಲ.

"ಕೈಕಾಲು ಗಟ್ಟಿ ಇದ್ದವನು ಇನ್ನೊಬ್ಬರ ದಾರಿ ಕಾಯಬಾರದು. ಕರುಣೆಯ ಹೆಸರಲ್ಲಿ ನಡೀತಿರೋ ಕಾರ್ಖಾನೆಗಳನ್ನ ಇನ್ನು ನಾವು ಸಾಕೋದಿಲ್ಲ. ಮುಚ್ತೀವಿ. ಅಲ್ಲಿರೋರು ಅವರ ಬದುಕು ಅವರು ನೋಡ್ಕೋಬೇಕು. ಅವರ ಹೊಣೆ ನನ್ನದಲ್ಲ."

ಗುಂಡಗಾದ ಮಾತು ಅಂಗೈಯಲ್ಲಿ ಸಿದ್ಧವಾಗಿತ್ತು. ಸ್ವಲ್ಪ ತಡೆಯಿರಿ, ದಾರಿ ಹುಡುಕೋಣ. ಕೈ ಅದರ ಕಡೆಗೇ ವಾಲಿತು. ಹಸು ಕೊಟ್ಟಿಗೆಯ ದಾರಿ ಹಿಡಿದ ಹಾಗೆ. ಅವಳು ಅದನ್ನು ಎಳೆದು ನಿಲ್ಲಿಸಿದಳು. ಭುಜದವರೆಗೂ ನೋವು ಹರಿಯಿತು. ಆಮೇಲೆ ಒಂದೊಂದೇ ಮಾತನ್ನು, ಬಂದ ಹಾಗೆಯೇ, ಬರಿಯ ಬೆರಳಿನಲ್ಲಿ ಇಟ್ಟಳು. ಸಾಕುವುದಿಲ್ಲ. ಮುಚ್ಚುತ್ತೇವೆ. ಕೊನೆಗೆ ತನ್ನ ಹೆಗಲ ಮೇಲಿಂದ ಏನನ್ನೋ ಎತ್ತಿ, ಎದುರಿನವರ ಮುಂದೆ ಕೆಳಗೆ ಇಟ್ಟಳು. ನನ್ನದಲ್ಲ.

ಗಾಜಿನ ಆಚೆ ನಿರ್ಮಾಪಕ ಆಕಳಿಸಿದ.

ಭಾಷಣ ಮುಗಿದ ಮೇಲೆ, "ಚೆನ್ನಾಗಿತ್ತು ಮೇಡಂ" ಎಂದ, ಎಂದಿನಂತೆ.

ಹೊರಗೆ ಬಸ್ ನಿಲ್ದಾಣದ ತಗಡಿನ ಕೆಳಗೆ ನಿಂತಾಗ ಫೋನಿನ ಪರದೆಯಲ್ಲಿ ತಮ್ಮನ ಮುಖ ಬಂತು. ಅವನ ಹೆಂಡತಿ ಫೋನು ಹಿಡಿದಿದ್ದಳು, ಚಿತ್ರ ನಡುಗುತ್ತಿತ್ತು. ಹಿಂದೆ ಸೋಪಿನ ಫ್ಯಾಕ್ಟರಿಯ ಗೇಟು, ಮುಚ್ಚಿತ್ತು. ಅವನ ಅಂಗಿ ಬೆವರಿಗೆ ಮೈಗೆ ಅಂಟಿತ್ತು.

"ನೋಡಿದೆಯಲ್ಲ," ಅವನ ಕೈಗಳು ನಿಧಾನವಾಗಿ ಆಡಿದವು. "ಒಂದೇ ತಿಂಗಳಿಗೆ ಮನುಷ್ಯ ಹೀಗೆ ಬದಲಾಗ್ತಾನಾ?"

ಅವಳು ಫೋನನ್ನು ಕಂಬಕ್ಕೆ ಒರಗಿಸಿಟ್ಟು ಕೇಳಿದಳು: "ಕೆಲಸ?"

"ನಾವು ಓಡಿ ಬರೋ ಹೊತ್ತಿಗೆ ಅರ್ಧ ಜಾಗ ತುಂಬಿತ್ತು. ಮುದುಕನ್ನ ಒಳಗೆ ತಳ್ಳಿದೆ. ನಮ್ಮ ಶೆಡ್ಡಿನ ಗರ್ಭಿಣಿ ಹುಡುಗೀನ ತಳ್ಳಿದೆ. ಆಮೇಲೆ ಗೇಟು ಹಾಕಿದ್ರು. ನಾವೊಂದಷ್ಟು ಜನ ಹೊರಗೆ." ಅವನು ತನ್ನ ಹೆಗಲನ್ನು ತಾನೇ ತಟ್ಟಿಕೊಂಡ, ಮೆಲ್ಲಗಲ್ಲ. "ತಡೆದವನು ನಾನೇ ಅಲ್ವಾ ಅಕ್ಕಾ. ತಪ್ಪೆಲ್ಲ ನಂದೇ. ಅವರ ಮುಖ ಹೇಗೆ ನೋಡ್ಲಿ?"

"ನಿಂದಲ್ಲ," ಎಂದಳು.

"ನಂದೇ. ನಂಬಿದ್ದು ನಾನು." ಬೆರಳಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಆಡಿದ. "ಅಪ್ಪನ ಥರದವರು ಈಗ ಇಲ್ಲ ಅಕ್ಕಾ. ಬಾಯಲ್ಲೊಂದು ಮನಸ್ಸಲ್ಲೊಂದು ಇರ್ಲಿಲ್ಲ ಅವನಿಗೆ."

ಪರದೆ ಕಪ್ಪಾಯಿತು. ಬ್ಯಾಟರಿ ಮುಗಿಯಿತೋ, ಅವನ ಹೆಂಡತಿಯ ಕೈಯೇ ಸೋತಿತೋ.

ಅವಳು ತಗಡಿನ ಕೆಳಗೆ ನಿಂತೇ ಇದ್ದಳು. ಅವನು ನಾಯಕರನ್ನೇ ಬೈದುಕೊಂಡಿದ್ದರೆ ಸುಮ್ಮನಿದ್ದುಬಿಡುತ್ತಿದ್ದಳು. ಅದು ಅವಳಿಗೆ ಗೊತ್ತಿತ್ತು; ಸ್ಟುಡಿಯೋದಿಂದ ಇಳಿಯುವ ಮೆಟ್ಟಿಲುಗಳ ಮೇಲೆ ಅದನ್ನೇ ಲೆಕ್ಕ ಹಾಕಿದ್ದಳು. ಊರವರಿಂದೆಲ್ಲ ಬೈಸಿಕೊಳ್ಳುವ ಮನುಷ್ಯನಿಗೆ ಇದೊಂದು ಬೈಗಳ ಹೆಚ್ಚಾಗುತ್ತಿತ್ತೇ? ಆದರೆ ತಮ್ಮ ಅದನ್ನು ಅವರ ಮೇಲೆ ಹೊರಿಸಲಿಲ್ಲ. ಹೆಗಲು ಕೊಟ್ಟು ತಾನೇ ಹೊತ್ತುಕೊಂಡ. ಅವನು ಇನ್ನೊಬ್ಬರ ಭಾರಕ್ಕೆ ಹೆಗಲು ಕೊಡುವುದನ್ನು ಕಲಿತದ್ದಾದರೂ ಯಾರಿಂದ? ಯಾರೂ ಆಡದ ಮಾತಿನಿಂದ.

ಫೋನು ಮತ್ತೆ ನಡುಗಿತು. ಗಂಡ.

"ಎಲ್ಲಿದೀಯೇ? ಭಾಷಣ ನೋಡ್ದೆ. ಭಲೇ ಹೇಳಿದ್ರು ಬಿಡು. ನೀನೂ ಚೆನ್ನಾಗಿ ಕಾಣ್ತಿದ್ದೆ, ಮೂಲೇಲಿ."

"ತಡ ಆಗುತ್ತೆ ಇವತ್ತು. ಊಟ ಬಡಿಸ್ಕೊಳ್ಳಿ."

"ಯಾಕೆ, ಏನಾಯ್ತು?"

"ಏನಿಲ್ಲ."

ಅವಳ ಮನೆಯ ಕಡೆಗೆ ಹೋಗುವ ಬಸ್ಸು ಬಂದು ನಿಂತಿತು. ಕಂಡಕ್ಟರು ಗುರುತಿನ ಮುಖವೆಂದು ಬಾಗಿಲು ಹಿಡಿದು ಕಾದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಬಸ್ಸು ಹೊರಟಿತು. ತಮ್ಮನ ಮನೆಯ ಕಡೆಗೆ ಹೋಗುವ ಬಸ್ಸು ರಸ್ತೆಯ ಆಚೆ ಬದಿಯಲ್ಲಿ ಬರುತ್ತದೆ.

ದಾಟಿ ಹೋಗಿ ಅಲ್ಲಿ ನಿಂತು, ಎರಡೂ ಕೈಗಳನ್ನು ಚೀಲದ ಮರೆಯಲ್ಲಿ ಇಟ್ಟುಕೊಂಡು ಆಡಿಸಿ ನೋಡಿದಳು. ಹೇಳಿದ್ದು ಅವರಲ್ಲ. ನಾನು. ಗೆಣ್ಣುಗಳು ನೋಯುತ್ತಿದ್ದವು, ಆದರೂ ಮಾತು ಸ್ಪಷ್ಟವಾಗಿತ್ತು. ಅಷ್ಟು ಹೇಳಿದ ಮೇಲೆ ಅವನು ಅವಳ ಮುಖವನ್ನೇ ನೋಡುತ್ತ ಒಂದು ಪ್ರಶ್ನೆ ಕೇಳುತ್ತಾನೆ. ಕೇಳದೆ ಇರುವುದಿಲ್ಲ. ಅಪ್ಪ ಹೇಳಿದ್ದು?

ಅದು ಅಪ್ಪನೇ ಹೇಳಿದ್ದು, ಎನ್ನಬೇಕು. ಒಂದೊಂದು ಮಾತೂ. ಕೈ ನಡುಗದ ಹಾಗೆ. ಆ ಒಂದು ಭಾರ ತಾನು ಸಾಯುವವರೆಗೂ ತನ್ನ ಹೆಗಲ ಮೇಲೇ ಇರಲಿ.

ಬಸ್ಸಿನ ದೀಪ ಕಂಡಿತು. ಅವಳು ಕೈ ಎತ್ತಿದಳು.