ಪ್ರೊಫೆಸರರ ಕೊನೆಯ ಹಾಜರಿ

ಕ್ಲೇಲಿಯಾ ಗಂಡನ ಹೆಣಕ್ಕೆ ಕೈಯಾರೆ ಬೂದು ಸೂಟು ತೊಡಿಸಿ, ಬೆರಳುಗಳಿಗೆ ಜಪಮಾಲೆ ಸುತ್ತುತ್ತಿದ್ದಳು. ಅಷ್ಟರಲ್ಲಿ ಆಳುವ ಪಕ್ಷದ ಊರಿನ ಕಾರ್ಯದರ್ಶಿ ಗುಸ್ಮರೋಲಿ, ಪಕ್ಷದವರು ತೊಡುವ ಕಪ್ಪು ಅಂಗಿಯೊಂದನ್ನು ಮಡಿಸಿ ಹಿಡಿದು ಬಂದ.

“ಅಮ್ಮಾವ್ರೇ, ಇದನ್ನ ಹಾಕಿ. ಪ್ರೊಫೆಸರು ನಮ್ಮವರು. ಚರ್ಚಿನ ಮುಂದೆ ಅವರ ಹೆಸರು ಕೂಗ್ತೀವಿ, ಅವರ ಪರವಾಗಿ ಎಲ್ಲರೂ ‘ಹಾಜರ್’ ಅಂತಾರೆ. ದೊಡ್ಡ ಗೌರವ.”

“ನಿಮ್ಮವರಾ? ಹೋದ ವರ್ಷ ನಮ್ಮ ಬಾಗಿಲಿಗೆ ಪೊಲೀಸಿನವನನ್ನ ಕಾವಲು ಹಾಕಿದ್ರಲ್ಲ, ಆಗ ಯಾರವರಾಗಿದ್ರು?”

“ಹಳೇದೆಲ್ಲ ಈಗ್ಯಾಕೆ?”

ಹಳೆಯದೆಲ್ಲ ಅವಳ ಎದೆಯಲ್ಲಿ ಕುದಿಯುತ್ತಿತ್ತು. ಗಂಡ ಎವರಿಸ್ತೋ ಅರ್ಥಶಾಸ್ತ್ರ ಕಲಿಸುತ್ತಿದ್ದವನು. 1931ರಲ್ಲಿ, ಪ್ರಮಾಣ ಮಾಡದವರಿಗೆ ಕೆಲಸವಿಲ್ಲ ಎಂದಾಗ, ಪಾಠ ಬಿಟ್ಟು ಬದುಕಲಾರದೆ ಆಳುವವರಿಗೆ ನಿಷ್ಠೆಯ ಪ್ರಮಾಣ ಮಾಡಿದ. ಮನೆಗೆ ಬಂದವನು ಎರಡು ದಿನ ಊಟ ಮುಟ್ಟಲಿಲ್ಲ. ಆಮೇಲೆ ರೋಮಿಗೆ ಕರೆದು ಸಂಸತ್ತಿನಲ್ಲಿ ಕೂರಿಸಿದರು. ಗೋಧಿ ಬೆಳೆಯ ಗೆಲುವನ್ನು ಸಾರುವ ಸರ್ಕಾರಿ ವರದಿಗಳಿಗೆ ಅವನ ಹೆಸರು ಬೇಕಿತ್ತು. ಮೂರಕ್ಕೆ ಸಹಿ ಹಾಕಿದ. ನಾಲ್ಕನೆಯದರಲ್ಲಿ, ಹುಲ್ಲುಗಾವಲು ಉತ್ತು ಗೋಧಿ ಬಿತ್ತಿಸಿದ್ದರಿಂದ ದನ ಕಡಿಮೆಯಾಗಿದೆ, ಬಡವರು ಮೊದಲಿಗಿಂತ ಕಡಿಮೆ ತಿನ್ನುತ್ತಿದ್ದಾರೆ ಎಂದು ಬರೆದ. ಒಂದೇ ವಾರದಲ್ಲಿ ಸ್ಥಾನವೂ ಹೋಯಿತು, ಪಾಠವೂ ಹೋಯಿತು. ಟೋಪಿ ತೆಗೆದು ನಮಸ್ಕರಿಸುತ್ತಿದ್ದವರು ಅವನನ್ನು ಕಂಡರೆ ಬೀದಿಯ ಆಚೆ ಬದಿಗೆ ದಾಟತೊಡಗಿದರು.

ಸಾಯುವ ಹಿಂದಿನ ದಿನ ಅವನು ಹೇಳಿದ್ದಿಷ್ಟೇ: “ಪಾದ್ರಿಗಳ ಹತ್ರ ನನ್ನ ಪಾಪ ಹೇಳ್ಕೊಂಡಿದೀನಿ, ಕ್ಲೇಲಿಯಾ. ಇನ್ನೊಂದ್ಸಲ ಆ ಕಪ್ಪಂಗಿಯವರ ಸಾಲಲ್ಲಿ ನನ್ನ ನಿಲ್ಲಿಸ್ಬೇಡ.”

ಅವಳು ಅಂಗಿಯನ್ನು ಗುಸ್ಮರೋಲಿಯ ಕೈಗೇ ತುರುಕಿದಳು. “ನೀವೇ ಇಟ್ಕೊಳ್ಳಿ. ನಿಮ್ಮ ಹೆಣಕ್ಕೆ ಬೇಕಾಗತ್ತೆ.”

“ಅಂಗಿ ಬೇಡಾಂದ್ರೆ ಬಿಡಿ. ಕೂಗೋದನ್ನ ತಡೆಯೋಕೆ ನಿಮ್ಮಿಂದಾಗಲ್ಲ.”

ಮರುದಿನ ಪೂಜೆ ಮುಗಿದು ಶವಪೆಟ್ಟಿಗೆ ಚರ್ಚಿನ ಮೆಟ್ಟಿಲಿಳಿಯುವಾಗ ನಲವತ್ತು ಕಪ್ಪಂಗಿಯವರು ಸಾಲುಗಟ್ಟಿ ನಿಂತಿದ್ದರು.

“ತಲೆ ತಗ್ಗಿಸಿ ದಾಟಿಬಿಡೋಣಮ್ಮ,” ಎಂದು ಮುದಿ ಪಾದ್ರಿ ಇಲಾರಿಯೋ ಪಿಸುಗುಟ್ಟಿದರು. “ಒಂದು ನಿಮಿಷದ ಮಾತು.”

“ಪ್ರಮಾಣ ಮಾಡಿದ್ದೂ ಒಂದೇ ನಿಮಿಷ, ಸ್ವಾಮಿ. ಐದು ವರ್ಷ ಅತ್ತರು.”

“ಸಂಗಾತಿ ಎವರಿಸ್ತೋ ಮೊರಂದೆಲ್ಲಿ!” ಎಂದು ಗುಸ್ಮರೋಲಿ ಕೂಗಿದ.

ಸಾಲಿನವರು ಬಾಯಿ ತೆರೆಯುವ ಮೊದಲೇ ಕ್ಲೇಲಿಯಾ ಕಿರುಚಿದಳು. “ಇಲ್ಲ! ನನ್ನ ಗಂಡ ಇಲ್ಲಿಲ್ಲ! ದೇವರ ಮುಂದೆ ನಿಂತಿದ್ದಾರೆ. ಧೈರ್ಯ ಇದ್ರೆ ಅಲ್ಲಿಗೆ ಬಂದು ಕೂಗ್ರೋ!”

‘ಹಾಜರ್’ ಎಂಬುದು ಎಲ್ಲೋ ನಾಲ್ಕೈದು ಬಾಯಿಗಳಿಂದ ಹೊರಟು ಅಲ್ಲೇ ಅಡಗಿತು. ಗುಸ್ಮರೋಲಿ ಎರಡನೆಯ ಸಲ ಕೂಗಿದ. “ಇಲ್ಲ!” ಎಂದಳು. ವಾಡಿಕೆಯ ಮೂರನೆಯ ಕೂಗನ್ನು ಅವನು ಕೂಗಲಿಲ್ಲ, ಕಣ್ಸನ್ನೆ ಮಾಡಿದ. ಸಾಲಿನಿಂದ ಇಬ್ಬರು ಬಂದು ಅವಳ ತೋಳು ಹಿಡಿದರು.

ಶವಪೆಟ್ಟಿಗೆ ಹೊತ್ತವರು ತಬ್ಬಿಬ್ಬಾಗಿ ನಿಂತರು.

“ನಿಲ್ಲಬೇಡ್ರಪ್ಪ, ನಡೀರಿ,” ಎಂದಳು ಅವಳು. “ಅವರನ್ನ ಬೇಗ ಇಲ್ಲಿಂದ ಕರ್ಕೊಂಡ್ಹೋಗಿ.”