ಬೇಡವೆಂದು ಬರೆದ ಹನ್ನೊಂದು ಸಾಲು

ಯಾವ ಕೆಲಸಗಾರ ಯಾವ ಪಾಳಿಯಲ್ಲಿ ಯಾವ ಯಂತ್ರದ ಮುಂದೆ ನಿಲ್ಲಬೇಕು ಎಂದು ಆ ಕಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ಹದಿನಾರು ವರ್ಷಗಳಿಂದ ಹೇಳುತ್ತ ಬಂದದ್ದು ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯ ಒಂದು ಪ್ರೋಗ್ರಾಮು. ಕಾರ್ಖಾನೆ ಪುಣೆ ಪಕ್ಕದ ಭೋಸರಿಯಲ್ಲಿದ್ದಾಗ ಅದನ್ನು ಬರೆದವರು ಇಬ್ಬರು, ಬಾಗಲಕೋಟೆಯ ಚನ್ನವೀರ ಮತ್ತು ಪುಣೆಯವನೇ ಆದ ಪಂಢರಿನಾಥ. ಕಾರ್ಖಾನೆ ಚಾಕಣಕ್ಕೆ ಬಂದ ಮೇಲೂ ಅದೇ ಪ್ರೋಗ್ರಾಮು ನಡೆಯಿತು. ಪಂಢರಿನಾಥ ತೀರಿಕೊಂಡು ಏಳು ವರ್ಷವಾಗಿತ್ತು. ಅದರ ಒಳಗುಟ್ಟು ಬಲ್ಲವನು ಈಗ ಚನ್ನವೀರ ಒಬ್ಬನೇ.

ಎರಡು ಸಾವಿರದ ಮೂರರ ಆಗಸ್ಟಿನಲ್ಲಿ ಎಲ್ಲವನ್ನೂ ಜಾವಾ ಎಂಬ ಹೊಸ ಭಾಷೆಗೆ ಬದಲಿಸಬೇಕೆಂದು ಕಂಪನಿ ನಿರ್ಧರಿಸಿತು. ಅದಕ್ಕೊಂದು ಟೂಲ್ ಬಂತು. ಒಂದು ಕಡೆ ಹಳೆಯ ಕೋಬಾಲ್ ಕೊಟ್ಟರೆ ಇನ್ನೊಂದು ಕಡೆ ಜಾವಾ ಬರುತ್ತಿತ್ತು. ಟೂಲಿನ ಜೊತೆ ಮಾಧುರಿ ಎಂಬ ಹುಡುಗಿ ಬಂದಳು. ಅವಳ ಅಜ್ಜ ಗದಗಿನಿಂದ ಬಂದು ಪುಣೆಯ ಸದಾಶಿವ ಪೇಠದಲ್ಲಿ ಅಂಗಡಿ ಇಟ್ಟವರು. ಹೊರಗೆಲ್ಲ ಮರಾಠಿ ಆಡುವವಳು ಚನ್ನವೀರನ ಜೊತೆ ಮಾತ್ರ ಮನೆಯ ಕನ್ನಡ ಆಡುತ್ತಿದ್ದಳು.

ನಲವತ್ತು ಸಾವಿರ ಸಾಲುಗಳನ್ನು ಟೂಲ್ ಒಂದೇ ಮಧ್ಯಾಹ್ನದಲ್ಲಿ ತಿರುಗಿಸಿ ಮುಗಿಸಿತು. ಹದಿನಾರು ವರ್ಷದ ದುಡಿಮೆ ಊಟದ ಹೊತ್ತಿನಿಂದ ಚಹಾದ ಹೊತ್ತಿನೊಳಗೆ ಮುಗಿದುಹೋದದ್ದನ್ನು ಚನ್ನವೀರ ಕುರ್ಚಿಯಲ್ಲಿ ಕುಳಿತು ನೋಡಿದ. ಆಮೇಲೆ ಟೂಲ್ ಹಿಂದಿನ ಮೂರು ತಿಂಗಳ ಪಾಳಿಗಳನ್ನು ಹಾಯಿಸಿ ನೋಡಿ, ಆ ಮೂರು ತಿಂಗಳಲ್ಲಿ ಒಮ್ಮೆಯೂ ಬಳಕೆಯಾಗದ, ಹಳೆಯ ಪ್ರೋಗ್ರಾಮಿನ ಇನ್ನೂರ ಹನ್ನೆರಡು ತುಂಡುಗಳ ಪಟ್ಟಿ ಕೊಟ್ಟಿತು. ಒಂದೊಂದರ ಮುಂದೆಯೂ ಬೇಕೋ ಬೇಡವೋ ಬರೆದು ಸಹಿ ಹಾಕುವುದು ಚನ್ನವೀರನ ಪಾಲಿಗೆ ಬಂತು.

ಮೊದಲ ವಾರ ಅವನು ಪ್ರತಿ ತುಂಡಿನ ಕಥೆಯನ್ನೂ ಹೇಳಿದ. ಮಾಧುರಿ ಕೇಳಿ ಬರೆದುಕೊಂಡಳು. ಕೆಲಸ ನಿಧಾನವಾಯಿತು. ಬೆಂಗಳೂರಿನಿಂದ ಬಂದಿದ್ದ ಮ್ಯಾನೇಜರ್ ಲೋಕನಾಥ ಒಂದು ದಿನ ಮೀಟಿಂಗಿನಲ್ಲಿ ಎಲ್ಲರೆದುರು, "ಈ ಹಳೇ ಕಸಾನೆಲ್ಲಾ ಯಾಕ್ರೀ ಹೊತ್ಕೊಂಡು ಹೋಗ್ಬೇಕು? ಶುಕ್ರವಾರಕ್ಕೆ ಮುಗ್ಸಿ," ಎಂದ. ಅಂದಿನಿಂದ ಚನ್ನವೀರ ಕಥೆ ಹೇಳುವುದನ್ನು ಬಿಟ್ಟ. ಒಂದೇ ಮಾತು ಹೇಳಿ ಸಹಿ ಹಾಕುತ್ತ ಹೋದ.

ಶುಕ್ರವಾರ ನೂರ ಐವತ್ತೆರಡನೆಯ ತುಂಡು ಬಂತು. ಒಟ್ಟು ಹನ್ನೊಂದೇ ಸಾಲು.

"ಸರ, ಇದು ಏನ್ ಮಾಡ್ತದ್ರಿ? ಹೆಸರೆಲ್ಲಾ ಒಂದೊಂದ ಅಕ್ಷರ ಅದಾವ. ಹದಿನಾರು ಅಂತ ಒಂದು ಸಂಖ್ಯೆ ಅದ, ಅಷ್ಟ."

"ಪಂಢರಿನಾಥ ಬರದಿದ್ದು."

"ಯಾಕ ಅಂತ ನೆನಪದ ಏನ್ರಿ?"

ಏನೋ ಇತ್ತು. ಪಂಢರಿನಾಥ ಒಂದು ದಿನ ಊಟ ಬಿಟ್ಟು ಕುಳಿತು ಇದನ್ನು ಬರೆದದ್ದು ಮಸುಕಾಗಿ ನೆನಪಾಯಿತು, ಕಾರಣ ನೆನಪಾಗಲಿಲ್ಲ. ಅವನ ಫೈಲುಗಳು ಕೆಳಗಿನ ಕಪಾಟಿನಲ್ಲಿದ್ದವು. ಹೋಗಿ ನೋಡಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ಇನ್ನೂ ಅರವತ್ತು ತುಂಡು ಉಳಿದಿದ್ದವು, ಲೋಕನಾಥ ಎರಡು ಸಲ ಫೋನ್ ಮಾಡಿದ್ದ, ಮನಸ್ಸಿನಲ್ಲಿ ಆ ಮೀಟಿಂಗಿನ ಕಹಿ ಇತ್ತು.

"ಬ್ಯಾಡ ಅಂತ ಹಾಕು."

"ಖರೇನ ಬ್ಯಾಡೇನ್ರಿ?"

"ಹಾಕವ್ವಾ. ಅವರಿಗೆ ಕಸ ಬ್ಯಾಡಂತಲ್ಲ."

ಹೊಸ ವ್ಯವಸ್ಥೆ ಅಕ್ಟೋಬರಿನಲ್ಲಿ ಶುರುವಾಯಿತು. ದೀಪಾವಳಿಯ ಮುಂದೆ ಕಾರುಗಳ ಬೇಡಿಕೆ ಏರಿ, ಎಷ್ಟೋ ವರ್ಷಗಳ ಮೇಲೆ ಡಬಲ್ ಪಾಳಿ ಮತ್ತೆ ಬಂತು. ಲೋಹದ ಹಾಳೆ ಒತ್ತುವ ಪ್ರೆಸ್ ವಿಭಾಗದಲ್ಲಿ ಧರ್ಮರಾಜ ಎಂಬವನಿದ್ದ. ಯಾದಗಿರಿ ಕಡೆಯವನು, ಗಾರೆ ಕೆಲಸಕ್ಕೆಂದು ಪುಣೆಗೆ ಬಂದು ಪ್ರೆಸ್ಸಿನ ಕೆಲಸ ಕಲಿತಿದ್ದ. ನಿಗಡಿಯಿಂದ ಕಂಪನಿಯ ಬಸ್ಸಿನಲ್ಲಿ ಚನ್ನವೀರನ ಪಕ್ಕದಲ್ಲೇ ಕುಳಿತು ಬರುತ್ತಿದ್ದ. ಒಂದು ಮಂಗಳವಾರ ಅವನು ಬೆಳಗಿನ ಪಾಳಿಯನ್ನೂ ಅದರ ಮೇಲಿನ ಪಾಳಿಯನ್ನೂ ಮಾಡಿದ. ಬುಧವಾರ ಮುಂಜಾನೆ ಏಳಕ್ಕೆ ಹೊಸ ವ್ಯವಸ್ಥೆ ಅವನ ಹೆಸರನ್ನು ಮತ್ತೆ ನಾಲ್ಕನೆಯ ಪ್ರೆಸ್ಸಿಗೆ ಹಾಕಿತು. ಒಂಬತ್ತು ಗಂಟೆಗೆ ಅವನ ಬಲಗೈಯ ಮೂರು ಬೆರಳು ಹೋದವು.

ಕೆಲಸಗಾರನ ಅಜಾಗರೂಕತೆ ಎಂದು ಮಧ್ಯಾಹ್ನದೊಳಗೆ ವರದಿ ಸಿದ್ಧವಾಯಿತು. ಅದರಲ್ಲಿ ಹದಿನಾರು ತಾಸಿನ ಲೆಕ್ಕ ಓದಿದಾಗ ಚನ್ನವೀರನಿಗೆ ಆ ತುಂಡಿನ ಹದಿನಾರು ನೆನಪಾಯಿತು. ಕೆಳಗಿಳಿದು ಕಪಾಟು ತೆಗೆದ. ಪಂಢರಿನಾಥನ ಫೈಲಿನಲ್ಲಿ ಮರಾಠಿಯಲ್ಲಿ ನಾಲ್ಕು ಸಾಲು ಇದ್ದವು. ಹದಿನಾರು ತಾಸು ದುಡಿದವನನ್ನು ಮರುದಿನ ಪ್ರೆಸ್ಸಿಗೆ ನಿಲ್ಲಿಸಿದ್ದರಿಂದ ಅವನ ಕೈ ಹೋಯಿತು, ಇನ್ನು ಮುಂದೆ ಅಂಥವನಿಗೆ ಪ್ಯಾಕಿಂಗೇ ಕೊಡಬೇಕು. ಕೆಳಗೆ ಸಾವಿರದ ಒಂಬೈನೂರ ಎಂಬತ್ತೆಂಟರ ತಾರೀಖು.

ಚನ್ನವೀರ ಅದನ್ನು ಒಯ್ದು ಓದಿ ಹೇಳಿದಾಗ ಲೋಕನಾಥ ಕೋಣೆಯ ಬಾಗಿಲು ಹಾಕಿದ. "ನಾಲ್ಕು ತಿಂಗಳಲ್ಲಿ ರಿಟೈರ್ ಆಗ್ತೀರಾ. ಯಾರೂ ಕೇಳಿಲ್ಲ. ನೀವಾಗೇ ಯಾಕೆ ಹೇಳ್ಕೊಳ್ತೀರಾ?"

"ತಪ್ಪು ಧರ್ಮರಾಜನ ಮ್ಯಾಲ ಬರದಾರ್ರಿ."

ಚನ್ನವೀರ ಎಲ್ಲವನ್ನೂ ಬರೆದು, ತಾನು ಸಹಿ ಹಾಕಿದ ಹಾಳೆಯನ್ನೂ ಪಂಢರಿನಾಥನ ಹಾಳೆಯನ್ನೂ ಜೋಡಿಸಿ ಅಪಘಾತದ ವಿಚಾರಣೆ ನಡೆಸುತ್ತಿದ್ದವರಿಗೆ ಕೊಟ್ಟ. ವರದಿಯಿಂದ ಅಜಾಗರೂಕತೆ ಎಂಬ ಶಬ್ದ ಹೋಯಿತು. ಅದರ ಜಾಗದಲ್ಲಿ ಚನ್ನವೀರನ ಹೆಸರು ಬಂತು. ಮಾಧುರಿ ಕೂಡಲೇ ಆ ಹನ್ನೊಂದು ಸಾಲನ್ನು ಜಾವಾದಲ್ಲಿ ಸೇರಿಸಿದಳು. ಅವಳ ಬೆರಳು ಎರಡು ಸಲ ತಪ್ಪು ಕೀಲಿ ಒತ್ತಿದವು.

"ನಾನೂ ಇನ್ನೊಮ್ಮೆ ಕೇಳಬೇಕಿತ್ರಿ."

"ನೀ ಕೇಳಿದ್ದೀ. ಎರಡು ಸಲ ಕೇಳಿದ್ದೀ."

ರವಿವಾರ ಅವನು ಆಸ್ಪತ್ರೆಗೆ ಹೋದ. ಧರ್ಮರಾಜ ದಪ್ಪ ಬ್ಯಾಂಡೇಜಿನ ಕೈಯನ್ನು ತಲೆದಿಂಬಿನ ಮೇಲೆ ಇಟ್ಟುಕೊಂಡಿದ್ದ. ಹೆಂಡತಿ ಮಾನಮ್ಮ ಕಾಲ ಬಳಿ ಕುಳಿತಿದ್ದಳು. ಚನ್ನವೀರ ನಿಂತೇ ಹೇಳಿದ, ಏನನ್ನೂ ಮುಚ್ಚಿಡಲಿಲ್ಲ. ಹೇಳುತ್ತ ಹೇಳುತ್ತ ಕಣ್ಣೀರು ಬಂತು.

ಧರ್ಮರಾಜನಿಗೆ ಎಷ್ಟು ತಿಳಿಯಿತೋ. ಅವನು, "ಇರಲಿ ಬಿಡ್ರಿ ಸಾಹೇಬ್ರ, ಡಬಲ್ ಪಾಳಿ ನಾನಾ ಕೇಳಿದ್ದೆ. ಅಳಬ್ಯಾಡ್ರಿ, ಕುಂದರ್ರಿ," ಎಂದು ಎಡಗೈಯಿಂದ ಸ್ಟೂಲನ್ನು ಎಳೆಯಲು ಹೋದ. ಸ್ಟೂಲು ಕೈಗೆ ಸಿಗಲಿಲ್ಲ.

ಮಾನಮ್ಮ ಎದ್ದು ಚನ್ನವೀರನನ್ನು ಹೊರಗಿನ ಪಡಸಾಲೆಗೆ ಕರೆದುಕೊಂಡು ಬಂದಳು.

"ಹೇಳಾಕ ಬಂದ್ರಿ, ಹೇಳಿದ್ರಿ. ಇನ್ನ ಬರಬ್ಯಾಡ್ರಿ," ಎಂದಳು. ದನಿ ಏರಿರಲಿಲ್ಲ. "ಮುಂಜಾನಿಂದ ಅವರಿಗೆ ನೋವು ತಡಿಯಾಕ ಆಗವಲ್ದು. ನೀವು ಅತ್ತರ ನಿಮಗೂ ಅವರಾ ಸಮಾಧಾನ ಹೇಳಬೇಕಾಗ್ತದ."

ಅವನು ಹೌದೆನ್ನುವಂತೆ ತಲೆಯಾಡಿಸಿದ. ಅವಳು ಒಳಗೆ ಹೋದಳು.

ಉಳಿದ ತಿಂಗಳುಗಳಲ್ಲಿ ಚನ್ನವೀರ ತಾನು ಬೇಡವೆಂದು ಬರೆದ ಎಲ್ಲ ತುಂಡುಗಳನ್ನೂ ಫೈಲುಗಳ ಜೊತೆ ಇಟ್ಟು ಮತ್ತೆ ಓದಿದ. ಬೇಕಾದವು ಇನ್ನೂ ಐದು ಸಿಕ್ಕವು. ಧರ್ಮರಾಜ ಡಿಸೆಂಬರಿನಲ್ಲಿ ಪ್ಯಾಕಿಂಗಿಗೆ ಬಂದ. ಬಸ್ಸಿನಲ್ಲಿ ಅವನು ಈಗ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದ, ಸಿಟ್ಟಿನಿಂದಲ್ಲ, ಅಲ್ಲಿ ಕೈ ಚಾಚಿಕೊಳ್ಳಲು ಜಾಗವಿತ್ತು. ಹತ್ತುವಾಗ "ನಮಸ್ಕಾರ್ರಿ" ಅನ್ನುತ್ತಿದ್ದ. ಚನ್ನವೀರ ನಮಸ್ಕಾರ ಹೇಳಿ, ನಿಗಡಿಯಿಂದ ಚಾಕಣದವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದ.