ಬರ್ಚ್ ಮರದ ಮೇಲಿನ ಅಪವಾದ

ನನ್ನ ತಮ್ಮ ತೌನೊ ಹುಟ್ಟಿದ ವರ್ಷ ಅಪ್ಪ ನಮ್ಮ ಹಬೆಸ್ನಾನದ ಮನೆ ಸೌನಾದ ಎದುರಿಗೆ, ಸರೋವರಕ್ಕೆ ಇಳಿಯುವ ದಾರಿಯ ಪಕ್ಕ, ಒಂದು ಬರ್ಚ್ ಸಸಿ ನೆಟ್ಟ. ಗುಂಡಿಯಲ್ಲಿ ಅದು ವಾಲದ ಹಾಗೆ ಹಿಡಿದುಕೊಂಡು ನಿಂತವಳು ನಾನು. ಮರ ತಮ್ಮನಿಗಿಂತ ಬೇಗ ಬೆಳೆಯಿತು. ನಡುಬೇಸಿಗೆಯ ಹಬ್ಬಕ್ಕೆ ಅದರದೇ ಎಳೆ ರೆಂಬೆಗಳನ್ನು ಕಟ್ಟಿ, ಸೌನಾದ ಹಬೆಯಲ್ಲಿ ಬೆನ್ನಿಗೆ ಬಡಿದುಕೊಳ್ಳುತ್ತಿದ್ದೆವು. ಆ ಸೊಪ್ಪಿನ ವಾಸನೆ ಇಲ್ಲದಿದ್ದರೆ ನಮಗೆ ಮಿಂದ ಹಾಗೇ ಆಗುತ್ತಿರಲಿಲ್ಲ.

ತಮ್ಮನ ಹೆಂಡತಿ ಸೈಮಿಗೆ ಮೈಮೇಲೆ ಗಂಧೆ ಏಳಲು ಶುರುವಾದದ್ದು ಒಂದು ಶರತ್ಕಾಲದಲ್ಲಿ. ಬೆಳಿಗ್ಗೆ ತೊಡೆಯ ಮೇಲೆ ಕೆಂಪಗೆ ಉಬ್ಬಿದ್ದು ಮಧ್ಯಾಹ್ನಕ್ಕೆ ಮಾಯ, ಸಂಜೆಗೆ ಕುತ್ತಿಗೆಯಲ್ಲಿ ಹಾಜರು. ಹಳ್ಳಿಯ ದವಾಖಾನೆಯ ಗುಳಿಗೆಯಿಂದ ನಿದ್ದೆ ಬಂತೇ ಹೊರತು ತುರಿಕೆ ಹೋಗಲಿಲ್ಲ. ತಿಂದದ್ದು ಒಗ್ಗಿಲ್ಲ ಎಂದುಕೊಂಡು ಅವಳು ಸ್ಟ್ರಾಬೆರಿ ಬಿಟ್ಟಳು, ಹೊಗೆ ಹಾಕಿದ ಮೀನು ಬಿಟ್ಟಳು, ರೈ ರೊಟ್ಟಿ ಬಿಟ್ಟಳು, ಸೋಪು ಬದಲಾಯಿಸಿದಳು. ಇನ್ನು ಬಿಡಲಿಕ್ಕೆ ಗಂಡ ಒಬ್ಬನೇ ಉಳಿದಿರುವುದು ಎಂದು ತೌನೊ ರೇಗಿಸುತ್ತಿದ್ದ. ಸರದಿಯಲ್ಲಿ ನೀನೂ ಇದ್ದೀಯ, ಕಾದಿರು ಎನ್ನುತ್ತಿದ್ದಳು ಅವಳು.

ಮರುವರ್ಷದ ಹಬ್ಬಕ್ಕೆ ಮೂವರೂ ಸೌನಾಕ್ಕೆ ಹೋದೆವು. ಸೊಪ್ಪಿನ ಕಟ್ಟಿನಿಂದ ಬಡಿದುಕೊಂಡ ಸ್ವಲ್ಪ ಹೊತ್ತಿಗೇ ಸೈಮಿಯ ಬೆನ್ನು, ತೋಳು, ಹೊಟ್ಟೆ ಎಲ್ಲ ಗಂಧೆ ಎದ್ದು ಒಂದೇ ಗಾಯದ ಹಾಗೆ ಕಂಡಿತು. ಅವಳು ಜಗಲಿಯಲ್ಲಿ ಕೂತು ತೋಳು ಕೆರೆಯುತ್ತಾ ಮರವನ್ನೇ ನೋಡಿದಳು.

"ಇದೇ ಕಣೋ ತೌನೊ. ವರ್ಷವೆಲ್ಲಾ ಇದರ ನೆರಳಲ್ಲೇ ಬಟ್ಟೆ ಒಣಗಿಸ್ತೀನಿ. ಇದೇ ನನ್ನ ತಿಂತಾ ಇರೋದು."

ಅಂಗಳದ ಮರವೆಂದರೆ ನಮ್ಮ ಕಡೆ ಮನೆಯ ಹಿರಿಯನಿದ್ದ ಹಾಗೆ. ಬಿರುಗಾಳಿಗೆ ಬಿದ್ದರೂ ಜನ ಬಂದು ಮಾತನಾಡಿಸಿಕೊಂಡು ಹೋಗುತ್ತಾರೆ. ಆದರೆ ಹೆಂಡತಿ ತನ್ನ ಚರ್ಮವನ್ನು ತಾನೇ ಉಗುರಿನಲ್ಲಿ ಕೀಳುವುದನ್ನು ತೌನೊ ಎಷ್ಟು ದಿನ ನೋಡಿಯಾನು? ಹಬ್ಬ ಕಳೆದ ವಾರವೇ ಗರಗಸ ತಂದ. ಮರ ಬಿದ್ದ ಮೇಲೆ ಸರೋವರ ಮನೆಯ ಹತ್ತಿರ ಬಂದಂತೆ ಕಂಡಿತು. ನನಗೆ ಅದು ಹಿಡಿಸಲಿಲ್ಲ.

ಬೇಸರದ ಮಾತೆಂದರೆ, ಗಂಧೆ ನಿಂತುಹೋಯಿತು. ಬೇಸಿಗೆ ಮುಗಿಯುವವರೆಗೂ ಸೈಮಿಯ ಮೈ ಹಸುಳೆಯ ಮೈಯಂತಿತ್ತು. ತೌನೊ ಸೌದೆ ಸೀಳಿ ಸೌನಾದ ಗೋಡೆಗೆ ಒಟ್ಟುವಾಗ ಸಿಳ್ಳೆ ಹಾಕುತ್ತಿದ್ದ. ಕಡಿದದ್ದು ಸಾರ್ಥಕವಾಯಿತು ಎಂದು ನಾನೂ ಮನಸ್ಸು ಗಟ್ಟಿ ಮಾಡಿಕೊಂಡೆ.

ಚಳಿಗಾಲ ಬಂತು. ಊರಲ್ಲಿ ಒಂದು ಹಸಿರೆಲೆಯೂ ಇರಲಿಲ್ಲ. ಒಂದು ಬೆಳಿಗ್ಗೆ ಸೈಮಿ ಎದ್ದಾಗ ತುಟಿ ಬಾತು ಮೂಗಿಗೆ ತಾಗುತ್ತಿತ್ತು. ಮೈತುಂಬಾ ಮತ್ತೆ ಗಂಧೆ.

ಆಗ ಪೇಟೆಯ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ರಕ್ತ ಪರೀಕ್ಷೆ ಮಾಡಿಸಿ, ಸಮಾಧಾನವಾಗಿ ತಿಳಿಸಿ ಹೇಳಿದಳು. ನಮ್ಮೆಲ್ಲರ ಚರ್ಮದಲ್ಲೂ ಮಾಸ್ಟ್ ಕಣಗಳೆಂಬುವು ಕಾವಲಿಗೆ ಕೂತಿರುತ್ತವೆ. ಒಂದೊಂದರ ಹೊಟ್ಟೆಯಲ್ಲೂ ಉರಿ, ಊತ ತರುವ ರಸದ ಪುಟ್ಟ ಚೀಲಗಳು. ಹೊರಗಿನ ವೈರಿ ಬಂದಾಗ ಅವು ಚೀಲ ಒಡೆಯಬೇಕು. ಸೈಮಿಯ ಮೈಯಲ್ಲಿ ವೈರಿಯೇ ಬಂದಿಲ್ಲ. ಅವಳದೇ ರಕ್ತದ ಪ್ರತಿಕಾಯಗಳು ಆ ಕಾವಲಿನವರನ್ನು ಸುಮ್ಮಸುಮ್ಮನೆ ತಿವಿದು ಎಬ್ಬಿಸುತ್ತಿವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಸೌನಾದ ಕಾವಿಗೆ ಕೆರಳಿರಬಹುದು, ಅಷ್ಟೆ. ಈ ಕಾಯಿಲೆ ತಾನಾಗಿ ಏರುತ್ತದೆ, ಕೆಲವು ಸಲ ತಾನಾಗಿ ಇಳಿಯುತ್ತದೆ.

ಸೈಮಿ ಒಂದೇ ಮಾತು ಕೇಳಿದಳು. "ಹಂಗಾದ್ರೆ ಮರದ್ದೇನೂ ತಪ್ಪಿಲ್ವಾ?"

"ಯಾವ ಮರ?" ಎಂದಳು ಡಾಕ್ಟರಮ್ಮ.

ತೌನೊ ಮಡಿಲಲ್ಲಿದ್ದ ಟೋಪಿಯನ್ನು ತಿರುಗಿಸುತ್ತಾ ಕೂತ.

ತಿಂಗಳಿಗೊಮ್ಮೆ ಚುಚ್ಚುಮದ್ದು ಶುರುವಾಯಿತು. ವಸಂತದ ಹೊತ್ತಿಗೆ ತುರಿಕೆ ನಿಂತಿತು. ಮತ್ತೆ ನಡುಬೇಸಿಗೆ ಬಂದಾಗ ಸೌನಾ ಕಾಯಿಸಬಹುದು ಎಂದಳು ಡಾಕ್ಟರಮ್ಮ. ಒಣಗಿದ ಸೌದೆ ಎಂದರೆ ಆ ಕಡಿದ ಮರದ್ದೊಂದೇ ಇತ್ತು. ತೌನೊ ಬಿಳಿ ತೊಗಟೆ ಸುಲಿದು ಒಲೆಗೆ ಕಡ್ಡಿ ಗೀರಿದಾಗ ಸೈಮಿ ಅವನ ಕೈ ಹಿಡಿದಳು.

"ಬಿಡೇ," ಎಂದ ಅವನು. "ಅಲ್ಲಿ ಕೂತು ಕೊಳೆಯೋದಕ್ಕಿಂತ ನಿನ್ನ ಬೆನ್ನಿಗಾದ್ರೂ ಬೆಚ್ಚಗಾಗಲಿ."

ನಾನು ನನ್ನ ಮನೆಯ ಹಿಂದಿನ ಬರ್ಚಿನಿಂದ ಒಂದು ಕಟ್ಟು ಸೊಪ್ಪು ಒಯ್ದಿದ್ದೆ. ಕೊಡುವುದೋ ಬೇಡವೋ ಎಂದು ಬೆನ್ನ ಹಿಂದೆ ಅಡಗಿಸಿಟ್ಟಿದ್ದೆ. ವಾಸನೆಗೆ ಅವಳೇ ಪತ್ತೆ ಹಚ್ಚಿ, ಕೈಚಾಚಿ ತೆಗೆದುಕೊಂಡಳು. ತೋಳಿಗೆ, ಬೆನ್ನಿಗೆ, ತೊಡೆಗೆ ಜೋರಾಗಿ ಬಡಿದುಕೊಂಡಳು. ಆಮೇಲೆ ಜಗಲಿಗೆ ಬಂದು, ಮರದ ಬುಡ ಕಾಣುವ ಕಡೆ ಕೂತು, ತೋಳನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ತೌನೊ ತಂದಿಟ್ಟ ಕಾಫಿ ಆರಿತು. ತೋಳು ನುಣ್ಣಗೇ ಇತ್ತು.

"ಒಂದು ಗಂಧೆಯಾದ್ರೂ ಏಳಬಾರದಿತ್ತಾ ಅಕ್ಕಾ," ಎಂದಳು.